ರಚ್ಚೆ ಹಿಡಿಯದ ಕೂಸು

1994ರಲ್ಲಿ ನಾನು ಕೊಳ್ಳೇಗಾಲದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆಯಾಗಿದ್ದೆ. ಸಹನೆ ನನಗೆ ಮೊದಲಿಂದಲೂ ಕಮ್ಮಿ. ಆ ಮಳೆಗಾಲದಲ್ಲಿ ಇದ್ದಬದ್ದದ್ದೂ ಮುಗಿದುಹೋಯಿತು.

ಮುಳ್ಳೂರಿನ ಚನ್ನಾಜಮ್ಮ ಬಾಣಂತಿ ಮಗಳು ರತ್ನಳ ಜೊತೆ ಬಂದಿದ್ದರು. ಮೂರು ವಾರದ ಹೆಣ್ಣುಕೂಸಿನ ಹೊಕ್ಕುಳು ಉಬ್ಬಿದೆ ಎಂಬುದಷ್ಟೇ ಅವರ ದೂರು.

"ಬಲು ಸಾದು ಕೂಸು ಕಣವ್ವ. ಉಟ್ಟಿದಾಗ್ಲಿಂದ ಒಂದಿನಾನೂ ರಚ್ಚೆ ಇಡ್ದಿಲ್ಲ. ಆಲು ಕುಡಿಯಾಕೂ ನಾವೇ ಎಬ್ಬುಸ್ಬೇಕು," ಎಂದು ಅಜ್ಜಿ ಹೆಮ್ಮೆಪಟ್ಟರು.

ಕೂಸನ್ನು ಎತ್ತಿಕೊಂಡೆ. ಮೈ ತಣ್ಣಗಿತ್ತು, ಕಣ್ಣಿನ ಹಳದಿ ಇನ್ನೂ ಹೋಗಿರಲಿಲ್ಲ, ದಪ್ಪ ನಾಲಿಗೆ ತುಟಿಯಾಚೆ ಇಣುಕುತ್ತಿತ್ತು. ಅಂಗಾಲು ತಟ್ಟಿದರೆ ಒಡಕು ದನಿಯಲ್ಲಿ ಒಮ್ಮೆ ನರಳಿ ಮತ್ತೆ ನಿದ್ದೆಹೋಯಿತು. ಥೈರಾಯ್ಡ್ ಕೊರತೆಯೇ ಇರಬೇಕು ಎಂಬ ಅನುಮಾನ ಬಂತು.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಕಡಿಮೆಯಾದರೆ ದೊಡ್ಡವರಿಗೆ ಸುಸ್ತು, ಚಳಿ. ತಪ್ಪದೆ ಮಾತ್ರೆ ನುಂಗಿದರೆ ಸರಿಹೋಗುತ್ತದೆ. ಎಳೆಗೂಸಿನಲ್ಲಿ ಹಾಗಲ್ಲ. ಮಿದುಳು ಬೆಳೆಯಲು ಅದೇ ಬೇಕು. ತಡವಾದಷ್ಟೂ ಬುದ್ಧಿ ಕುಂದುತ್ತದೆ, ಕುಂದಿದ್ದನ್ನು ಆಮೇಲಿನ ಮಾತ್ರೆ ತಂದುಕೊಡುವುದಿಲ್ಲ.

ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ನಮ್ಮಲ್ಲಿರಲಿಲ್ಲ, ರಕ್ತವನ್ನು ಮೈಸೂರಿಗೆ ಕಳಿಸಿದೆ. ಕಾಯಲು ಮನಸ್ಸಾಗದೆ ಅಂದೇ ಮಾತ್ರೆ ಶುರುಮಾಡಿದೆ: ಪುಡಿಮಾಡಿ, ತಾಯಿಹಾಲಲ್ಲಿ ಕಲಸಿ, ದಿನಾ ಬೆಳಿಗ್ಗೆ. ವರದಿ ಬಂತು, ಅನುಮಾನ ನಿಜವಾಗಿತ್ತು. ಆದರೆ ಬರಬೇಕಾದ ದಿನ ರತ್ನ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಬಸ್ಸಿನ ಹಾರ್ನ್ ಕೇಳಿದಾಗೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದೆ, ನರ್ಸುಗಳ ಮೇಲೆ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ. ಕೊನೆಗೆ ಆಟೋ ಹತ್ತಿ ಮುಳ್ಳೂರಿಗೇ ಹೋದೆ.

ಕೂಸು ಮಂಕಾಗಿ ಮಲಗಿತ್ತು.

"ಮಾತ್ರೆ ನಿಲ್ಸ್‌ಬುಟ್ಟೆ ಕಣವ್ವ," ಎಂದರು ಚನ್ನಾಜಮ್ಮ, ಸಮಾಧಾನವಾಗಿ. "ತಿನ್ಸಕ್ ಸುರು ಮಾಡಿದ್ ಮ್ಯಾಕೆ ಒಂದೇ ಸಮ್ನೆ ಅಳದು. ನಿಮ್ ಮಾತ್ರೆ ಕೂಸಿಗೆ ಆಗ್ಬರ್ನಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಸಾವರಿಸಿಕೊಂಡು ಹೇಳಿದೆ: "ಅಳಲಿ ಅಂತಲೇ ಕೊಟ್ಟಿದ್ದು ಅಜ್ಜಿ. ಇಷ್ಟು ದಿನ ಅದಕ್ಕೆ ಹಸಿವೂ ತಿಳೀತಿರಲಿಲ್ಲ. ಹೀಗೇ ಬಿಟ್ಟರೆ ಬುದ್ಧಿಯೂ ಬೆಳೆಯಲ್ಲ."

ಅಜ್ಜಿ ಅನುಮಾನದಿಂದ ನೋಡಿದರು. ರತ್ನ ಮಾತ್ರ ಎದ್ದು ಮಾತ್ರೆ ತಂದು ನನ್ನೆದುರೇ ಪುಡಿಮಾಡತೊಡಗಿದಳು. "ಅತ್ರೆ ನಾನ್ ಎತ್ಕತೀನಿ, ನೀ ಸುಮ್ಕಿರು," ಎಂದಳು ತಾಯಿಗೆ.

ಮುಂದಿನ ಸಲ ಅವರು ಆಸ್ಪತ್ರೆಗೆ ಬಂದಾಗ ಗೇಟಿನಿಂದಲೇ ಗಂಟಲು ಹರಿಯುವ ಅಳು ಕೇಳಿತು. ಸಾಲಿನಲ್ಲಿದ್ದವರು ಮುಖ ಸಿಂಡರಿಸಿದರು. ನನಗೆ ಎಷ್ಟೋ ದಿನದ ಮೇಲೆ ನೆಮ್ಮದಿಯಾಯಿತು.

ಔಷಧ ಬರೆದುಕೊಟ್ಟರೆ ಸಾಲದು. ಅದು ಕೆಲಸ ಮಾಡಿದರೆ ಮನೆಯಲ್ಲಿ ಏನು ಕಾಣುತ್ತದೆ ಎಂದೂ ಹೇಳಿ ಕಳಿಸಬೇಕು. ಇದು ಆ ಕೂಸು ಕಲಿಸಿದ ಪಾಠ.

ಹುಡುಗಿ ಶಾಲೆಗೆ ಸೇರಿದ ವರ್ಷ ಚನ್ನಾಜಮ್ಮ ಮತ್ತೆ ದೂರು ತಂದರು. "ನಾನೊಂದ್ ಮಾತಾಡುದ್ರೆ ನೂರ್ ಮಾತಾಡ್ತಳೆ ಕಣವ್ವ. ಇದ್ಕೇನಾರಾ ಮಾತ್ರೆ ಅದಾ?"

ಬೆಳಗಿನ ಮಾತ್ರೆ ಬಿಡಬೇಡಿ, ಇದಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ ಎಂದೆ.