ಸಹಿ ಮರಳಿಸಲು ಹೊರಟ ಮಾಸ್ತರು

ಹೋದ ತಿಂಗಳು ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದೆ. ನಾನು ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಸಹಿ ಮಾಡಿಕೊಡಬೇಕು. ಈಗೀಗ ಕೈ ನಡುಗುತ್ತದೆ. ಮೊದಲ ಸಹಿ ಅವರಲ್ಲಿದ್ದ ಹಳೆಯ ಸಹಿಗೆ ಕೂಡಲಿಲ್ಲ, ಎರಡನೆಯದೂ ಕೂಡಲಿಲ್ಲ. ಗಾಜಿನಾಚೆ ಕೂತಿದ್ದ ಹುಡುಗಿ ಒಂದು ತಗಡಿನ ಡಬ್ಬಿಯನ್ನು ನನ್ನತ್ತ ಸರಿಸಿ, "ಅಜ್ಜಾರ, ತ್ರಾಸ ತಗೋಬ್ಯಾಡ್ರಿ, ಹೆಬ್ಬಟ್ಟ ಒತ್ತಿಬಿಡ್ರಿ" ಎಂದಳು. ಮುಚ್ಚಳ ತೆಗೆದಾಗ ಮಸಿಯ ವಾಸನೆ ಮೂಗಿಗೆ ಬಡಿಯಿತು. ಜೀವಮಾನವೆಲ್ಲ ಪತ್ರಿಕೆಗೆ ಬರೆದವನು ಕೊನೆಗೆ ಹೆಬ್ಬೆಟ್ಟಿಗೆ ಬಂದೆನಲ್ಲ ಎಂದು ಬೇಸರವಾಗಬೇಕಿತ್ತು. ಹಾಗಾಗಲಿಲ್ಲ. ಆ ಡಬ್ಬಿಯನ್ನು ಕಂಡರೆ ಆಗದಿದ್ದ ಒಬ್ಬರು ನೆನಪಾದರು…

ಅವರನ್ನು ನಾವೆಲ್ಲ ಮಾಸ್ತರು ಎಂದೇ ಕರೆಯುತ್ತಿದ್ದೆವು. ಆಗ ನಾನೂ ಮಾಸ್ತರನೇ. ಆಳಂದದ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಆದರೆ ಅವರು ಜೊತೆಗಿದ್ದಾಗ ನನ್ನನ್ನು ಯಾರೂ ಮಾಸ್ತರ ಎನ್ನುತ್ತಿರಲಿಲ್ಲ. ಅವರದು ಮಾದನಹಿಪ್ಪರಗಾದ ಶಾಲೆ. ಶಾಲೆಯೆಂದರೆ ಮಠದ ಪಡಸಾಲೆ, ಒಂದು ಕರಿಹಲಗೆ, ಸಗಣಿ ಸಾರಿಸಿದ ನೆಲ. ತೆಳ್ಳಗೆ, ಸ್ವಲ್ಪ ಬಾಗಿ ನಡೆಯುತ್ತಿದ್ದರು. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಪ್ಪಿಗೆಯಾಗದ ಮಾತಿಗೆ ಟೊಪ್ಪಿಗೆ ತೆಗೆದು, ಅದರೊಳಗೆ ನೋಡಿ, ಮತ್ತೆ ಹಾಕಿಕೊಳ್ಳುತ್ತಿದ್ದರು.

ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಶಾಲೆ ನಡೆಸಕೂಡದೆಂಬ ಕಾನೂನು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಪ್ಪಣೆ ಬೇಡುವ ಅರ್ಜಿಯನ್ನು ಉರ್ದುವಿನಲ್ಲಿ ಬರೆಯಬೇಕು. ಅದು ಕಲಬುರಗಿಗೆ ಹೋಗುತ್ತಿತ್ತು, ಅಲ್ಲಿಂದ ಹೈದರಾಬಾದಿಗೆ ಹೋಗುತ್ತದೆಂದು ಹೇಳುತ್ತಿದ್ದರು. ಉತ್ತರ ಬಂದದ್ದನ್ನು ನಾನು ಕಂಡಿಲ್ಲ. ನಲವತ್ತೇಳರ ಆಗಸ್ಟ್ ಕಳೆದಿತ್ತು, ಸಂಸ್ಥಾನ ಇನ್ನೂ ಭಾರತಕ್ಕೆ ಸೇರಿರಲಿಲ್ಲ. ಮಾದನಹಿಪ್ಪರಗಾದಿಂದ ಗಡಿ ದೂರವಿಲ್ಲ. ಗಡಿಯಾಚೆ ಸ್ವಾತಂತ್ರ್ಯ ಬಂದು, ಜನ ಬಾವುಟ ಹಾರಿಸಿ, ಮತ್ತೆ ಹೊಲಕ್ಕೆ ಹೋಗಿದ್ದರು. ಇತ್ತ ಮಠದ ಪಡಸಾಲೆಗೆ ತಾಲೂಕು ಕಚೇರಿಯವರು ಬಂದು ಬೀಗ ಹಾಕಿದರು. ಮಾಸ್ತರು ಕರಿಹಲಗೆಯನ್ನು ಮನೆಗೆ ಹೊತ್ತು ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ನಮ್ಮ ಶಿಕ್ಷಕರ ಸಂಘ ಚಿಕ್ಕದು. ಆ ಕಾನೂನನ್ನು ರದ್ದುಮಾಡಬೇಕೆಂದು ಊರೂರ ಜನರ ಸಹಿ ಹಾಕಿಸಿ ಅರ್ಜಿ ಕೊಡುವುದೆಂದು ಅಲ್ಲಿ ಗೊತ್ತುಮಾಡಿದೆವು. ಇಬ್ಬಿಬ್ಬರ ಜೋಡಿ ಹಂಚಿಕೊಂಡಾಗ ನಾನು ಮಾಸ್ತರರ ಜೋಡಿಯಾದೆ. ಆಳಂದದಿಂದ ಹೊರಟು ಅಫಜಲಪುರದ ಹಳ್ಳಿಗಳನ್ನು ಮುಗಿಸಿ, ಭೀಮೆ ದಾಟಿ ಜೇವರ್ಗಿಯವರೆಗೆ ನಮ್ಮ ದಾರಿ. ಅರ್ಜಿಯ ಒಕ್ಕಣೆಯನ್ನು ಉರ್ದುವಿನಲ್ಲಿ ಬರೆದುಕೊಟ್ಟವರು ಆಳಂದದ ಒಬ್ಬ ವಯಸ್ಸಾದ ಮುನ್ಶಿ. ಬರೆದು ಮುಗಿಸಿ, ಕಾಗದವನ್ನು ಊದಿ ಒಣಗಿಸುತ್ತ, "ಮಾಸ್ತರ್ ಸಾಬ್, ನಾ ಅಂತೂ ಖೂಬಸೂರತ್ ಬರ್ದೀನಿ. ಓದವ್ರನ್ನ ಮಾತ್ರ ನೀವ ಹುಡಕ್ಬೇಕು" ಎಂದು ನಕ್ಕರು. ಅವರ ಮೊಮ್ಮಗನೂ ಮಾಸ್ತರರ ಶಾಲೆಯಲ್ಲಿ ಓದಿದವನೇ.

ಓದು ಬಾರದವರು ಕಾಗದಕ್ಕೆ ನಿಶಾನಿ ಹಾಕುವ ವಾಡಿಕೆ ನಮ್ಮ ಕಡೆ ಹಿಂದಿನಿಂದ ಇತ್ತು. ಒಕ್ಕಲಿಗ ಒಂದು ನೇಗಿಲು ಗೀಚುತ್ತಿದ್ದ, ಹೆಣ್ಣುಮಕ್ಕಳು ಬಳೆಯಂತೆ ಒಂದು ಸುತ್ತು ಹಾಕುತ್ತಿದ್ದರು, ಅಂಗಡಿಯವನದು ತಕ್ಕಡಿ. ಪಕ್ಕದಲ್ಲಿ ಊರ ಕುಲಕರ್ಣಿ ಇಂಥವನ ನಿಶಾನಿ ಎಂದು ಬರೆಯುತ್ತಿದ್ದ. ಹೆಬ್ಬೆಟ್ಟಿನ ಮಸಿ ಬಂದಮೇಲೂ ಹಳ್ಳಿಗಳಲ್ಲಿ ನೇಗಿಲು ಹೋಗಿರಲಿಲ್ಲ. ನಾನು ಮಸಿಯ ಡಬ್ಬಿಯನ್ನೂ ಜೋಳಿಗೆಯಲ್ಲಿಟ್ಟುಕೊಂಡಿದ್ದೆ. ಮಾಸ್ತರು ಮೊದಲ ಊರಿನಲ್ಲೇ ಅದನ್ನು ತೆಗೆದು ನೋಡಿ ಮುಚ್ಚಳ ಮುಚ್ಚಿದರು.

"ತಮ್ಮಾ, ಸಾಲಿ ಬೇಕಂತ ಕೇಳೂ ಕಾಗದ ಇದು. ಇದಕ್ಕ ಹೆಬ್ಬಟ್ಟ ಒತ್ತಿ ಕೊಟ್ರ ಕಚೇರಿಯಾಗ ನಗ್ತಾರ. ಹೆಸರ ಬರೀಬೇಕು."

"ಬರೂದಿಲ್ಲಲ್ಲ ಅವರಿಗೆ?"

"ಕಲಸೂನು."

ಅದೇ ಅವರ ಕ್ರಮವಾಯಿತು. ಕಟ್ಟೆಯ ಮೇಲೆ ಒಂದು ಮೊರ ಇಸಿದುಕೊಂಡು, ಅದರಲ್ಲಿ ಒಲೆಯ ಬೂದಿ ಹರವಿ, ಜೋಳದ ದಂಟಿನಿಂದ ಆ ಮನುಷ್ಯನ ಹೆಸರನ್ನು ಬರೆದು ತೋರಿಸುತ್ತಿದ್ದರು. ಅವನು ಅದರ ಮೇಲೆ ಬೆರಳಾಡಿಸಬೇಕು. ಅಳಿಸಿ ಮತ್ತೆ. ಅಳಿಸಿ ಮತ್ತೆ… ಅಕ್ಷರಮಾಲೆ ಇಲ್ಲ, ಕಾಗುಣಿತ ಇಲ್ಲ. ಅವನಿಗೆ ಬೇಕಾದಷ್ಟು ಅಕ್ಷರ ಮಾತ್ರ. ಕೈಗೆ ಕೂತಮೇಲೆ ಟಾಕು ಕೊಟ್ಟು ಕಾಗದದ ಮೇಲೆ ಬರೆಸುವುದು. ಬೇರೆ ಜೋಡಿಗಳು ಒಂದು ಹಳ್ಳಿ ಮುಗಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ನಾವು ಒಂದು ಓಣಿಯಲ್ಲೇ ಇರುತ್ತಿದ್ದೆವು. ಸುಗ್ಗಿಯ ಕಾಲ ಬೇರೆ. ಜನ ಹೊಲದಿಂದ ಬಂದು ಕೈಕಾಲು ತೊಳೆಯುವವರೆಗೆ ಕಾಯಬೇಕು. ನನಗೆ ಸಾಕಾಗಿ ಹೋಗುತ್ತಿತ್ತು. ನೇಗಿಲೇ ಹಾಕಿಸೋಣ ಎಂದು ಅವರಿಗೆ ಹೇಳಿಯೂ ಇದ್ದೆ.

ಜನ ಗೇಲಿ ಮಾಡುತ್ತಿದ್ದರು. ಅಫಜಲಪುರದ ಕಡೆಯ ಹಳ್ಳಿಯೊಂದರಲ್ಲಿ ಹಣ್ಣು ಮೀಸೆಯ ಒಬ್ಬ ರೈತ ಬೆವರುತ್ತ, "ಮಾಸ್ತರ್ರ, ನೇಗಲಾ ಅಂದ್ರ ಮೂರ ಗೀಟಿನ ಕೆಲಸಾರಿ. ನೀವ ನೋಡಿದ್ರ ನನ್ನ ಮತ್ತ ಸಾಲಿಗಿ ಹಚ್ಚಾಕತ್ತೀರಿ" ಎಂದ. ಹಿಂದೆ ನಿಂತವನೊಬ್ಬ, "ಹಚ್ಚಲಿ ಬಿಡಲೇ, ಸಾಲಿ ಕಲತವಂತ ಇನ್ನೊಂದ ಹೆಣ್ಣ ಕೊಟ್ರೂ ಕೊಟ್ಟಾರು" ಎಂದ. ಒಳಗಿನಿಂದ ಆ ರೈತನ ಹೆಂಡತಿ, "ಈಗ ಇದ್ದಾಕೀಗೆ ಸೀರಿ ತರೂದ ಕಲಸ್ರಿ ಮೊದ್ಲ" ಎಂದು ಕೂಗಿದಳು. ಮಾಸ್ತರು ನಗಲಿಲ್ಲ. ಬೂದಿ ಸರಿಮಾಡಿ, "ಇನ್ನೊಮ್ಮೆ ಬರೀರಿ" ಎಂದರು.

ಭೀಮೆಯಾಚೆ ಜೇವರ್ಗಿಯ ಕಡೆಯ ನೆಲೋಗಿಯಲ್ಲಿ ನೀಲವ್ವ ಎಂಬ ಹೆಣ್ಣುಮಗಳು ಸಹಿಗೆ ಬಂದಳು. ಮುಂದೆ ಮತ್ತೆ ಕಂಡದ್ದರಿಂದ ಆಕೆಯ ಹೆಸರು ನೆನಪಿದೆ. ಅರ್ಜಿಯಲ್ಲಿ ಹೆಂಗಸರು ಗಂಡನ ಹೆಸರನ್ನೂ ಸೇರಿಸಬೇಕಿತ್ತು. ತನ್ನ ಹೆಸರನ್ನು ಬೇಗ ಕಲಿತಳು. ಮುಂದಿನದಕ್ಕೆ ದಂಟು ಕೆಳಗಿಟ್ಟಳು.

"ಗಂಡನ ಹೆಸರ ಹೇಳಬಾರದ್ರಿ."

"ಹೇಳಬ್ಯಾಡವಾ, ಬರಿ."

"ಬರದ್ರ ಹೇಳಿದಂಗ ಆಗೂದಿಲ್ಲೇನ್ರಿ?"

ಸುತ್ತ ನಿಂತವರು ಇದನ್ನು ಬಹಳ ಹೊತ್ತು ಚರ್ಚಿಸಿದರು. ಬಾಯಿಂದ ಬಂದರೆ ಮಾತ್ರ ದೋಷ ಎಂದು ಒಬ್ಬರು, ಕೈಯೂ ಬಾಯಿಯೇ ಎಂದು ಇನ್ನೊಬ್ಬರು. ಮಾಸ್ತರು ಟೊಪ್ಪಿಗೆ ತೆಗೆದು ಒಳಗೆ ನೋಡಿದರು. ಕೊನೆಗೆ ಆಕೆಯ ಅತ್ತೆ, "ಬರಿಯವಾ, ನನ್ನ ಮಗನ ಹೆಸರ, ನಾ ಅಪ್ಪಣಿ ಕೊಟ್ಟೀನಿ" ಎಂದಳು. ನೀಲವ್ವ ತುಟಿ ಬಿಗಿಹಿಡಿದು ಬರೆದಳು. ಬರೆದು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಬೇಸಿಗೆಯ ಹೊತ್ತಿಗೆ ಕಾಲ ಕೆಟ್ಟಿತು. ಸಂಸ್ಥಾನದ ಪರ ಆಯುಧ ಹಿಡಿದ ಗುಂಪುಗಳು ಹಳ್ಳಿಗಳಿಗೆ ಬರತೊಡಗಿದವು. ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ನಮ್ಮ ಸಂಘದ ಹಿರಿಯರಲ್ಲಿ ಕೆಲವರನ್ನು ಹಿಡಿದರು, ಉಳಿದವರು ಸೊಲ್ಲಾಪುರದ ಕಡೆ ಹೋದರು. ಸಹಿಯ ಹಾಳೆಗಳು ಮಾಸ್ತರರ ಮನೆಯಲ್ಲಿ, ಕರಿಹಲಗೆಯ ಹಿಂದೆ ಇದ್ದವು. ಕೊಡುವುದು ಯಾರಿಗೆ ಎಂದು ಕೇಳಲೂ ಯಾರೂ ಉಳಿದಿರಲಿಲ್ಲ.

ಆಗ ಒಂದು ಸುದ್ದಿ ಬಂತು. ಇದನ್ನು ನಾನು ಇಬ್ಬರಿಂದ, ಬೇರೆ ಬೇರೆಯಾಗಿ ಕೇಳಿದ್ದೇನೆ; ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮನ್ನು ನೋಡಿ ಇನ್ನೊಂದು ಜೋಡಿಯೂ ಹೆಸರು ಬರೆಸತೊಡಗಿತ್ತು. ಅವರ ಹಾಳೆಗಳು ದಾರಿಯಲ್ಲಿ ಬಂದವರನ್ನು ತಪಾಸಣೆ ಮಾಡುವ ನಾಕಾದಲ್ಲಿ ಸಿಕ್ಕಿಬಿದ್ದವು. ಗುಂಪೊಂದು ಆ ಊರಿಗೆ ಹೋಗಿ ಗಂಡಸರನ್ನು ಸಾಲಾಗಿ ಕೂಡಿಸಿ, ಮುಂದೆ ಮಣ್ಣು ಹರವಿ, ಹೆಸರು ಬರೆದು ತೋರಿಸಿ ಎಂದಿತು. ಬರೆಯಲು ಬಂದವರನ್ನು ಬೇರೆ ನಿಲ್ಲಿಸಿದರು. ಅವರನ್ನು ಹೊಡೆದದ್ದು ನಿಜ. ಎಲ್ಲರೂ ಬದುಕಿದರೋ ಇಲ್ಲವೋ ನನಗೆ ತಿಳಿಯದು.

ಮಾಸ್ತರು ಇದನ್ನು ಕೇಳಿ ಕರಿಹಲಗೆಯ ಹಿಂದಿನಿಂದ ಹಾಳೆಗಳನ್ನು ಹೊರತೆಗೆದರು. "ನೇಗಲಾ ಹಾಕಿಸಿದ್ರ, ನಾ ಹಾಕಿಲ್ಲ, ಕುಲಕರ್ಣಿ ಗೀಚ್ಯಾನ ಅಂತ ಪಾರಾಗತಿದ್ರು" ಎಂದರು. "ನೀ ಹೇಳಿದ್ದು ಖರೆ ಇತ್ತು ತಮ್ಮಾ."

ನಾನು ಹೇಳಿದ್ದು ಬೇಗ ಮುಗಿಯಲೆಂದು. ಈ ಕಾರಣ ನನ್ನ ತಲೆಗೂ ಹೊಳೆದಿರಲಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಒಲೆಗೆ ಹಾಕಿಬಿಡೋಣ ಎಂದೆ. ಅವರು ಒಪ್ಪಲಿಲ್ಲ. "ಸುಟ್ಟೀನಿ ಅಂತ ನಾ ಹೇಳಿದ್ರ ಅವರು ನನ್ನ ನಂಬಬೇಕು. ಒಮ್ಮೆ ನಂಬ್ಯಾರ, ಸಾಕು. ಅವರವರ ಹೆಸರ ಅವರ ಕೈಯಾಗ ಕೊಟ್ರ ನಂಬೂದ ಬೇಕಾಗೂದಿಲ್ಲ, ನಿದ್ದಿ ಮಾಡ್ತಾರ. ಹೆಂಗೂ ಊರೂರಿಗೆ ಹೋಗಿ ಹುಷಾರ ಅಂತ ಹೇಳೂದಂತೂ ಅದ."

ಹಾಳೆಗಳನ್ನು ಕತ್ತರಿಯಿಂದ ಹೆಸರು ಹೆಸರಾಗಿ ಕತ್ತರಿಸಿದೆವು. ಮುನ್ಶಿಯವರ ಚಂದದ ಒಕ್ಕಣೆ ಮಾತ್ರ ಒಲೆಗೆ ಹೋಯಿತು. ಊರಿಗೊಂದರಂತೆ ಚೂರುಗಳನ್ನು ಅರಿವೆಯಲ್ಲಿ ಕಟ್ಟಿ, ಬುತ್ತಿಯಲ್ಲಿ ಸಜ್ಜೆ ರೊಟ್ಟಿಯ ಕೆಳಗಿಟ್ಟುಕೊಂಡು, ಬಂದ ದಾರಿಯಲ್ಲೇ ಮತ್ತೆ ನಡೆದೆವು. ಆ ನಡಿಗೆಯ ದಣಿವು ನನಗೆ ಈಗಲೂ ಮೊಣಕಾಲಿನಲ್ಲಿ ಇದ್ದಂತೆ ಅನ್ನಿಸುತ್ತದೆ. ಮೊದಲ ಸಲ ಏನನ್ನೋ ಕೂಡಿಸಲು ಹೋಗಿದ್ದೆವು. ಈಗ ಒಂದೊಂದು ಬಾಗಿಲಿಗೂ ಹೋಗಿ ಅದನ್ನು ಬಿಡಿಸಿ ಕೊಡುತ್ತಿದ್ದೆವು. ಹಲವು ಮನೆಗಳಿಗೆ ಬೀಗ ಹಾಕಿತ್ತು. ಅಂಥವರ ಚೂರನ್ನು ಮಾಸ್ತರು ಅವರದೇ ಹೊಸ್ತಿಲ ಮುಂದೆ ಕೂತು ಸುಟ್ಟು, ಬೂದಿಯನ್ನು ಅಂಗೈಯಿಂದ ಒರೆಸಿ ಏಳುತ್ತಿದ್ದರು.

ಸಿಕ್ಕವರಿಗೆ ಚೂರು ಕೊಟ್ಟು ಒಂದೇ ಮಾತು ಹೇಳುತ್ತಿದ್ದರು. "ಯಾರರೆ ಕೇಳಿದ್ರ ನಿಮಗ ಬರಿಯಾಕ ಬರೂದಿಲ್ಲ. ನೇಗಲಾ ಹಾಕ್ರಿ." ಹಣ್ಣು ಮೀಸೆಯ ರೈತ ತನ್ನ ಚೂರನ್ನು ತಿರುಗಿಸಿ ಮುರುಗಿಸಿ ನೋಡಿ, "ಕಲಸವ್ರೂ ನೀವ, ಮರೀರಿ ಅನ್ನವ್ರೂ ನೀವ. ಯಾವ ಸಾಲಿರಿ ಇದು?" ಎಂದ. ಗೇಲಿಯೇ. ಆದರೆ ಹಿಂದೆ ನಿಂತು ನಗಲು ಆ ದಿನ ಯಾರೂ ಇರಲಿಲ್ಲ. ಮಾಸ್ತರು ಟೊಪ್ಪಿಗೆ ತೆಗೆಯಲಿಲ್ಲ. "ಹೌದ್ರಿ" ಎಂದರು, ಅಷ್ಟೇ.

ಭೀಮೆಯ ದಂಡೆಗೆ ಬಂದಾಗ ಮಳೆಗಾಲ ಶುರುವಾಗಿ ಹೊಳೆ ಕೆಂಪಗೆ ಹರಿಯುತ್ತಿತ್ತು. ಆಚೆ ಜೇವರ್ಗಿಯ ಕಡೆಯ ಗಂಟು ಒಂದೇ ಉಳಿದಿತ್ತು. ಹರಿಗೋಲಿನವನು, ಆಚೆ ದಡದಲ್ಲಿ ಬಂದವರನ್ನೆಲ್ಲ ತಡೆದು ಕೇಳುತ್ತಿದ್ದಾರೆ ಎಂದ. ಮಾಸ್ತರು ನನ್ನನ್ನು ಈಚೆ ನಿಲ್ಲಿಸಿದರು.

"ನಾನೂ ಬರ್ತೇನಿ" ಎಂದೆ.

"ಬ್ಯಾಡ. ಇಬ್ಬರ ಅಂದ್ರ ಸಂಘ ಅಂತಾರ. ಒಬ್ಬನ ಅಂದ್ರ ಯಾವನೋ ಮಾಸ್ತರ ಅಂತ ಬಿಡ್ತಾರ."

ಅರಿವೆಯ ಗಂಟಿನಿಂದ ಒಂದು ಚೂರು ಹುಡುಕಿ ತೆಗೆದು ನನ್ನ ಕೈಗಿಟ್ಟರು. ನನ್ನದೇ ಸಹಿ. ಅರ್ಜಿಯಲ್ಲಿ ಅವರದು ಮೊದಲನೆಯದು, ನನ್ನದು ಎರಡನೆಯದು. ಅವರದನ್ನು ಅವರೇ ಇಟ್ಟುಕೊಂಡರು. ಹರಿಗೋಲು ಸುತ್ತುತ್ತ ಸುತ್ತುತ್ತ ಆಚೆ ಹೋಯಿತು. ಅವರು ನನಗೆ ಬೆನ್ನು ಮಾಡಿ, ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು…

ನಾನು ದಂಡೆಯ ಊರಿನಲ್ಲಿ ಕಾದೆ. ಅವರು ಬರಲಿಲ್ಲ. ಹೊಳೆ ಏರಿತು, ಹರಿಗೋಲು ನಿಂತಿತು. ಆಮೇಲೆ ಭಾರತದ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ಸಂಸ್ಥಾನ ಮುಗಿಯಿತು. ನಾವು ರದ್ದುಮಾಡಿ ಎಂದು ಬೇಡಲು ಹೊರಟ ಕಾನೂನು ಯಾರೂ ಬೇಡದೆಯೇ ಬಿದ್ದುಹೋಯಿತು. ಮಠದ ಪಡಸಾಲೆಯ ಬೀಗವನ್ನು ಊರವರೇ ಕಲ್ಲಿನಿಂದ ಒಡೆದರು.

ದಾರಿಗಳು ತೆರೆದಮೇಲೆ ನಾನು ನೆಲೋಗಿಗೆ ಹೋದೆ. ನೀಲವ್ವ ಗುರುತು ಹಿಡಿದಳು. ಮಾಸ್ತರು ಬಂದಿದ್ದರೇ ಎಂದು ಕೇಳಿದೆ.

"ಬಂದಿದ್ರಿ. ಎಲ್ಲರ ಮನೀಗೂ ಬಂದ್ರು. ರೊಟ್ಟಿ ಕೊಟ್ರ ಒಲ್ಲೆ ಅಂದ್ರು, ನೀರ ಕುಡದ್ರು. ಕೈಯಾಗ ಏನೂ ಉಳೀಲಿಲ್ಲ ನೋಡವಾ, ಹಗರಾತು ಅಂದ್ರು. ಹೊಳಿ ಕಡೆ ಹೋದ್ರಿ."

ಚೂರು ಇದೆಯೇ ಎಂದೆ.

"ಅವತ್ತ ಒಲಿಗಿ ಹಾಕೀನ್ರಿ. ಬರಿಯಾಕ ಬರೂದಿಲ್ಲ ಅನ್ನು ಅಂದ್ರಲ್ಲ, ಹಂಗ ಅಂದೀನಿ. ಕಾಗದ ಒಲಿಗಿ ಹಾಕಬೌದು, ಕೈ ಎಲ್ಲಿ ಹಾಕ್ಲಿರಿ?" ಎಂದು ಒಲೆಯ ಮುಂದಿನ ಬೂದಿಯಲ್ಲಿ ಬೆರಳಿನಿಂದ ತನ್ನ ಹೆಸರು ಬರೆದಳು. ಪಕ್ಕದಲ್ಲಿ ಗಂಡನ ಹೆಸರನ್ನೂ ಬರೆದಳು. ಈ ಸಲ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ನೆಲೋಗಿಯಿಂದ ಹೊಳೆಯವರೆಗೆ ಏನಾಯಿತು ಎಂಬುದಕ್ಕೆ ನಾನು ಮೂರು ಮಾತು ಕೇಳಿದ್ದೇನೆ. ಹೊಳೆಯಲ್ಲಿ ಕೊಚ್ಚಿ ಹೋದರು ಎಂಬುದು ಒಂದು. ಹಿಡಿದರು ಎಂಬುದು ಒಂದು. ಗಡಿಯಾಚೆ ಸಿಂದಗಿಯ ಕಡೆ ಯಾವುದೋ ಹಳ್ಳಿಯಲ್ಲಿ ಬಹಳ ಕಾಲ ಮಕ್ಕಳಿಗೆ ಕಲಿಸುತ್ತಿದ್ದರು ಎಂಬುದು ಇನ್ನೊಂದು. ಮೂರಕ್ಕೂ ಎರಡನೆಯ ಸಾಕ್ಷಿ ಸಿಗಲಿಲ್ಲ. ಮುಂದೆ ಪತ್ರಿಕೆಗೆ ಸೇರಿ, ಸುದ್ದಿಗಾಗಿ ಆ ಕಡೆ ಹೋದಾಗಲೆಲ್ಲ ವಿಚಾರಿಸಿದೆ. ಕೊನೆಯದನ್ನು ನಂಬಲು ಮನಸ್ಸಿತ್ತು. ಮನಸ್ಸಿದೆ ಎಂದು ಸುದ್ದಿ ಬರೆಯಲಾಗುವುದಿಲ್ಲ. ನನ್ನ ಚೂರು ಯಾವುದೋ ಮನೆ ಬದಲಿಸುವಾಗ ಹೋಯಿತು.

ಬ್ಯಾಂಕಿನಲ್ಲಿ ಆ ದಿನ ಇನ್ನೊಂದು ಸಲ ಬರೆಯುತ್ತೇನೆ ಎಂದು ಕಾಗದ ಕೇಳಿದೆ. ಹುಡುಗಿ ಕೊಟ್ಟಳು. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆದೆ. ಅದೂ ಕೂಡಲಿಲ್ಲ. ನನ್ನ ಹಿಂದೆ ಸಾಲು ಬೆಳೆದಿತ್ತು. ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ಒತ್ತಿದೆ. ಪಕ್ಕದಲ್ಲಿ ಆ ಹುಡುಗಿ, ಹಿಂದೆ ಕುಲಕರ್ಣಿ ಬರೆಯುತ್ತಿದ್ದಂತೆ, ಇದು ಇಂಥವರದು ಎಂದು ನನ್ನ ಹೆಸರನ್ನು ಬರೆದಳು.

ಮಾಸ್ತರರ ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆದಿಲ್ಲ. ಕಾಗದದ ಮೇಲೆ ಬಂದ ಹೆಸರುಗಳನ್ನೆಲ್ಲ ಅವರವರಿಗೆ ಮರಳಿಸಿ ಹೋದವರು ಅವರು. ಅವರದನ್ನು ಮತ್ತೆ ಕಾಗದಕ್ಕೆ ಹಾಕಲೇ ಎಂದು ಕೇಳಬೇಕಿತ್ತು… ಕೇಳಲು ಅವರು ಸಿಗಲಿಲ್ಲ.