ಗೊತ್ತಿಲ್ಲದ ನಂಬರಿನ ರಾಯಭಾರಿ

ಪಾವಗಡದ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಟೀಚರು. ರಾಯಭಾರ ಕಚೇರಿಯ ಕೆಲಸಗಳೇನು ಅಂತ ವರ್ಷಾ ವರ್ಷ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಅಂಥ ಕಚೇರಿ ಒಂದು ದಿನ ನನ್ನ ಫೋನಿಗೇ ಕರೆ ಮಾಡಿದಾಗ ನಾನು ಆ ನಂಬರನ್ನು ಬ್ಲಾಕ್ ಮಾಡಿದೆ.

ನನ್ನ ತಂಗಿ ಕೊಲ್ಲಿಯ ಕಡೆಯ ಒಂದು ಊರಿನಲ್ಲಿ ನರ್ಸ್. ಅಲ್ಲಿ ಬಾಂಬು ಬೀಳಲು ಶುರುವಾಗಿತ್ತು. ಆಸ್ಪತ್ರೆಯ ಮಾಲೀಕ ನರ್ಸುಗಳ ಪಾಸ್‌ಪೋರ್ಟುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ ತಾನು ಓಡಿಹೋಗಿದ್ದ. ಇಷ್ಟನ್ನು ಅವಳು ಅಳುತ್ತ ಹೇಳುವಷ್ಟರಲ್ಲಿ ಲೈನು ಸತ್ತುಹೋಯಿತು. ಆಮೇಲೆ ಎಷ್ಟು ಸಲ ಒತ್ತಿದರೂ ರಿಂಗೇ ಆಗಲಿಲ್ಲ. ಪಾಠ ಮಾಡುವಾಗಲೂ ಫೋನನ್ನು ಕೈಯಲ್ಲೇ ಹಿಡಿದಿರುತ್ತಿದ್ದೆ.

ನಮ್ಮ ರಾಯಭಾರ ಕಚೇರಿ ಏನು ಹೇಳಬೇಕಾದರೂ ಸೋಶಿಯಲ್ ಮೀಡಿಯಾದ ತನ್ನ ಪೇಜಿನಲ್ಲಿ ಹಾಕುತ್ತಿತ್ತು. ಗಡಿ ದಾಟಿಸಲು ಬಸ್ಸು ಬಿಡುತ್ತೇವೆ, ಆನ್‌ಲೈನಿನಲ್ಲಿ ಹೆಸರು ಕೊಡಿ ಎಂದಿತ್ತು. ಇಲ್ಲಿಂದಲೇ ತಂಗಿಯ ಹೆಸರು, ಅವಳಿದ್ದ ಹಾಸ್ಟೆಲಿನ ವಿಳಾಸ, ನನ್ನ ನಂಬರು ಕೊಟ್ಟೆ. ಅದೇ ಪರದೆಯಲ್ಲಿ, ಸ್ವಲ್ಪ ಕೆಳಗೆ, ಎರಡು ದೇಶಗಳ ಮಂತ್ರಿಗಳು ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡವರ ಹಾಗೆ ಜಗಳವಾಡುತ್ತಿದ್ದರು. ನಾಳೆ ಯುದ್ಧ ನಿಲ್ಲುತ್ತದೋ ಹೆಚ್ಚುತ್ತದೋ ಎಂಬುದನ್ನು ಅವರ ಎರಡೆರಡು ಸಾಲಿನ ಪೋಸ್ಟುಗಳಿಂದ ನಾನು ಊಹಿಸಬೇಕಿತ್ತು. ದೊಡ್ಡವರು ಮುಚ್ಚಿದ ಬಾಗಿಲ ಹಿಂದೆ ಕೂತು ಮಾತಾಡುತ್ತಾರೆ ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೆನಲ್ಲ, ಆ ಬಾಗಿಲಾದರೂ ಇದ್ದಿದ್ದರೆ ನನಗಿಷ್ಟು ಭಯವಾಗುತ್ತಿರಲಿಲ್ಲ.

ಅಮ್ಮನ ಒತ್ತಾಯಕ್ಕೆ ತಾಲ್ಲೂಕು ಆಫೀಸಿಗೂ ಹೋಗಿಬಂದೆ. ಅಲ್ಲಿನ ಅಧಿಕಾರಿ ಒಳ್ಳೆಯವರು. ಕುರ್ಚಿ ಹಾಕಿಸಿ, ಟೀ ತರಿಸಿ, ಈಗಲೇ ನೋಡೋಣ ಅಂತ ತಮ್ಮ ಮೊಬೈಲು ತೆಗೆದು ಅದೇ ಪೇಜನ್ನು ನನಗೆ ತೋರಿಸಿದರು. ಸರ್ಕಾರಕ್ಕೆ ನನಗಿಂತ ಹೆಚ್ಚೇನೂ ಗೊತ್ತಿಲ್ಲ ಅಂತ ತಿಳಿದು, ಟೀ ಮುಗಿಸಿ ಎದ್ದುಬಂದೆ.

ಮಾರನೆಯ ದಿನ ಮಧ್ಯಾಹ್ನ ಆ ಕರೆ ಬಂತು. ವಿದೇಶದ ನಂಬರು, ಗಂಡು ದನಿ, ಹಿಂದಿ. ರಾಯಭಾರ ಕಚೇರಿಯಿಂದ ಮಾತಾಡುತ್ತಿದ್ದೇನೆ, ನಿಮ್ಮ ತಂಗಿಯ ಪಾಸ್‌ಪೋರ್ಟಿನ ಫೋಟೊ ತಕ್ಷಣ ಕಳಿಸಿ ಎಂದ. ನಮ್ಮ ಕಚೇರಿಯ ಹೆಸರು ಹೇಳಿಕೊಂಡು ಮೋಸಗಾರರು ಕರೆ ಮಾಡುತ್ತಿದ್ದಾರೆ, ಹುಷಾರು ಅಂತ ಆ ಕಚೇರಿಯೇ ಬೆಳಿಗ್ಗೆ ಪೇಜಿನಲ್ಲಿ ಹಾಕಿತ್ತು. ಮಿಡಿಗೇಶಿಯಿಂದ ಬರುವ ನಮ್ಮ ಗಣಿತದ ಮೇಷ್ಟರನ್ನು ನಕಲಿ ಪೊಲೀಸನೊಬ್ಬ ವಿಡಿಯೊ ಕರೆಯಲ್ಲಿ ಹೆದರಿಸಿ ಒಂದು ಹಗಲೆಲ್ಲ ಅವರ ಕೋಣೆಯಲ್ಲೇ ಕೂಡಿಹಾಕಿದ್ದು ಊರಿಗೇ ಗೊತ್ತು. ಚೆನ್ನಾಗಿ ಬೈದು ಫೋನಿಟ್ಟೆ, ಬ್ಲಾಕ್ ಮಾಡಿದೆ.

ಬೈದ ಬಿಸಿ ಆರಿದ ಮೇಲೆ ಹೆದರಿಕೆ ಹತ್ತಿತು. ನಿಜವಾಗಿದ್ದರೆ? ಅವಳನ್ನು ಬಿಟ್ಟು ಬಸ್ಸು ಹೊರಟುಬಿಟ್ಟರೆ? ಬ್ಲಾಕ್ ತೆಗೆದು ಕರೆ ಮಾಡಿದರೆ ಹೋಗಲಿಲ್ಲ. ಪೇಜಿನಲ್ಲಿ ಕೊಟ್ಟಿದ್ದ ಸಹಾಯವಾಣಿ ಯಾವಾಗಲೂ ಬಿಜಿ.

ಸಂಜೆ ಇನ್ನೊಂದು ನಂಬರಿನಿಂದ ಹೆಣ್ಣು ದನಿ. ಅದೇ ಮಾತು, ಅದೇ ಫೋಟೊ. ಆದರೆ ನನ್ನ ಹಿಂದಿ ತಡವರಿಸಿದ್ದು ಕೇಳಿ, ನಿಮಗೆ ತೆಲುಗು ಬರುತ್ತದೆಯೇ ಎಂದಳು. ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಮೀದಿ ಏ ಊರಮ್ಮಾ?" ಅಂತ ಶುರು ಮಾಡಿದಳು. ನಿಮ್ಮ ಪಕ್ಕದಲ್ಲೇ, ಪೆನುಕೊಂಡದ ಹತ್ತಿರ ಎಂದು ಉತ್ತರ ಬಂತು. ಪಾವಗಡದಿಂದ ಯಾವ ದಾರಿಯ ಬಸ್ಸು, ಮನೆದೇವರು ಯಾವುದು, ಅಪ್ಪ ಏನು ಮಾಡುತ್ತಾನೆ, ಎಲ್ಲ ವಿಚಾರಣೆಯೂ ಆಯಿತು. ಅಲ್ಲಿ ಬಾಂಬು ಬೀಳುತ್ತಿದೆ, ಇಲ್ಲಿ ನಮ್ಮಮ್ಮ ಹೆಣ್ಣು ನೋಡಲು ಹೋದವಳ ಹಾಗೆ ಕೇಳುತ್ತಿದ್ದಾಳೆ. ಆ ಹುಡುಗಿ ಪಾಪ ಎಲ್ಲಕ್ಕೂ ಉತ್ತರ ಕೊಟ್ಟಳು.

"ನಮ್ಮ ಕಡೆ ಹುಡುಗಿ ಕಣಮ್ಮ," ಎಂದಳು ಅಮ್ಮ. "ಕೇಳಿದ್ದು ಕಳ್ಸಿಬುಡು."

ತೆಲುಗು ಕಳ್ಳರಿಗೂ ಬರುತ್ತದೆ, ಬಸ್ಸಿನ ದಾರಿ ಯಾರ ಫೋನಿನಲ್ಲಾದರೂ ಸಿಗುತ್ತದೆ ಅಂತ ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಲಿಲ್ಲ. ಒಬ್ಬಂಟಿ ಹೆಣ್ಣಿನ ಗುರುತು, ವಿಳಾಸ ಎಲ್ಲ ಯಾವನ ಕೈಗೋ ಕೊಡುತ್ತಿದ್ದೇನೋ, ಬಸ್ಸೆಂದು ನಂಬಿ ಅವಳು ಎಂಥ ಗಾಡಿ ಹತ್ತುತ್ತಾಳೋ ಅನ್ನಿಸುತ್ತಿತ್ತು. ಆದರೂ, ಅವಳು ಹೊರಡುವಾಗ ನನ್ನ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಪಾಸ್‌ಪೋರ್ಟಿನ ಫೋಟೊ ಕಳಿಸಿದೆ, ಬೇರೆ ದಾರಿ ಇರಲಿಲ್ಲ. ಸಿಕ್ಕಿತು ಎಂಬ ಒಂದು ಮಾತು ಬಂತು, ಆಮೇಲೆ ಆ ನಂಬರಿನಿಂದ ಏನೂ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದಳು. ನಾನು ರಾತ್ರಿಯೆಲ್ಲ ಆ ಪೇಜನ್ನೇ ನೋಡುತ್ತಿದ್ದೆ.

ಕೊನೆಗೆ ಸ್ಟಾಫ್ ರೂಮಿನಲ್ಲಿರುವಾಗ ಫೋನು ಬಂತು. ಅದೂ ಗೊತ್ತಿಲ್ಲದ ನಂಬರು. "ಅಕ್ಕಾ, ದಾಟ್ಬುಟ್ಟೆ ಕಣಕ್ಕಾ. ಬಸ್ಸಲ್ಲಿ ಕರ್ಕೊಂಬಂದ್ರು."

ತಂಗಿಯದೇ ದನಿ. ಆದರೆ ದನಿಯನ್ನೂ ಈಗ ಮೊಬೈಲಿನಲ್ಲೇ ತಯಾರಿಸುತ್ತಾರೆ. ನಮ್ಮ ಹತ್ತನೇ ಕ್ಲಾಸಿನ ಹುಡುಗರು ಹೆಡ್‌ಮಾಸ್ಟರ ದನಿ ತಯಾರಿಸಿ ಶಾಲೆಗೆ ರಜೆ ಕೊಡಿಸಿದ್ದರು. ಖುಷಿಪಡಬೇಕಾದ ಹೊತ್ತಿನಲ್ಲಿ ನಾನು ಪರೀಕ್ಷೆಗೆ ಇಳಿದೆ.

"ಅಮ್ಮನ ಎಡಗೈ ಮೇಲಿನ ಹಚ್ಚೆ ಏನು, ಹೇಳು," ಎಂದೆ.

"ಗಡೀಲಿ ಬಂದೂಕ ಹಿಡ್ದೋನೂ ಮುಖ ನೋಡಿ ಬುಟ್ಬುಟ್ಟ," ಎಂದಳು. "ನೀನು ನನ್ನೇ ನಂಬಲ್ವಾ?"

ನನಗೂ ಅಳು ಬಂತು. ಅಳುತ್ತಲೇ ಇನ್ನೊಂದು ಸಲ ಕೇಳಿದೆ.

"ತುಳಸಿಕಟ್ಟೆ," ಎಂದಳು.

ಅದಾದ ಮೇಲೇ ನಾನು ಅವಳನ್ನು ಊಟ ಮಾಡಿದೆಯಾ ಎಂದು ಕೇಳಿದ್ದು.