ವಾಚ್‌ಮನ್ ವೆಂಕಟರವಣಪ್ಪನ ನೈಲ್ ಪ್ರವಾಸ

ನಂದಿಯ ಹಳೇ ದೇವಸ್ಥಾನದಲ್ಲಿ ವೆಂಕಟರವಣಪ್ಪ ಮೂವತ್ತಮೂರು ವರ್ಷ ಕಾವಲುಗಾರನಾಗಿದ್ದ. ಅಷ್ಟು ವರ್ಷ ಅವನು ಆಡಿದ ಮಾತನ್ನೆಲ್ಲ ಒಂದು ಕಡೆ ರಾಶಿ ಹಾಕಿದರೆ ಅದರಲ್ಲಿ ಮುಕ್ಕಾಲು ಪಾಲು "ಮುಟ್ಟಬೇಡ್ರೀ" ಅನ್ನುವ ಒಂದೇ ಮಾತು ಸಿಗುತ್ತಿತ್ತು. ಶಾಲೆಯಿಂದ ಪ್ರವಾಸ ಬಂದ ಮಕ್ಕಳಿಗೆ, ಫೋಟೋ ತೆಗೆಸಲು ಬಂದ ಹೊಸ ಜೋಡಿಗಳಿಗೆ, ಒಂದು ಸಲ ಅಳತೆ ಟೇಪು ಹಿಡಿದು ಬಂದ ತನ್ನ ಇಲಾಖೆಯ ಇಂಜಿನಿಯರಿಗೂ ಅವನು ಅದನ್ನೇ ಹೇಳಿದ್ದ. ಕೈಬೆವರು ತಾಗಿದರೆ ಕಲ್ಲು ಸವೆಯುತ್ತದೆ ಎಂದು ಯಾರೋ ದೊಡ್ಡ ಸಾಹೇಬರು ನೌಕರಿಯ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಆ ಪಾಠವನ್ನು ಅವನು ಮನೆಗೂ ತಂದ. ಸುಣ್ಣ ಬಳಿದ ಗೋಡೆಗೆ ಅವನ ಮನೆಯಲ್ಲಿ ಯಾರೂ ಒರಗುವಂತಿರಲಿಲ್ಲ. "ಈ ಮನುಷ್ಯನ್ನ ಕಟ್ಕೊಂಡು ನಾನೂ ಅರ್ಧ ಕಲ್ಲಾಗಿದ್ದೀನಿ ಕಣಮ್ಮ" ಎಂದು ಹೆಂಡತಿ ಕೊಂಡಮ್ಮ ನೆರೆಮನೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಇಂಥ ಶಿಸ್ತಿನ ಮನುಷ್ಯನ ಹೊಟ್ಟೆಯೊಳಗೆ ಒಂದು ಗುಟ್ಟು ಕೂತಿತ್ತು. ದೇವಸ್ಥಾನದ ಕಲ್ಯಾಣಿಯ ಸುತ್ತ ಇರುವ ಮಂಟಪದಲ್ಲಿ, ಮೂಲೆಯ ಕಂಬದ ಮೇಲೆ, ಕೂತವನ ಬೆನ್ನಿನ ಎತ್ತರಕ್ಕೆ "ವೆಂಕಟರವಣ, ಅನಸೂಯ" ಎಂದು ಮೊಳೆಯಲ್ಲಿ ಕೆತ್ತಿದ ಎರಡು ಹೆಸರುಗಳಿದ್ದವು. ನಡುವೆ ಒಂದು ಹೂವು. ಹೂವು ಅನ್ನುವುದು ಕೆತ್ತಿದವನ ಅಭಿಪ್ರಾಯ, ನೋಡಿದವರು ಹೂಕೋಸು ಅಂದರೂ ತಪ್ಪಿಲ್ಲ. ಹದಿನೆಂಟನೇ ವಯಸ್ಸಿನಲ್ಲಿ, ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಅವನು ಮಾಡಿದ ಘನಕಾರ್ಯ ಅದು. ಅನಸೂಯ ಮೇಲೂರಿನ ಹುಡುಗಿ. ಅವಳನ್ನು ಅವನು ಒಟ್ಟು ಮೂರು ಸಲ ನೋಡಿದ್ದ, ಒಂದು ಮಾತೂ ಆಡಿರಲಿಲ್ಲ. ಮಾತಾಡುವ ಧೈರ್ಯವಿಲ್ಲದ್ದಕ್ಕೇ ಕೆತ್ತಿದ್ದು. ಅವಳು ಚಿಂತಾಮಣಿಗೆ ಮದುವೆಯಾಗಿ ಹೋದ ಸುದ್ದಿ ಇವನಿಗೆ ಆರು ತಿಂಗಳಾದ ಮೇಲೆ ತಿಳಿಯಿತು.

ಆಮೇಲೆ ಒಂಬತ್ತು ವರ್ಷಕ್ಕೆ ನೌಕರಿ ಸಿಕ್ಕಿತು. ಸಿಕ್ಕಿದ್ದು ಅದೇ ದೇವಸ್ಥಾನದಲ್ಲಿ. ಮೊದಲ ದಿನವೇ ಅವನು ತನ್ನ ಸ್ಟೂಲನ್ನು ಆ ಕಂಬಕ್ಕೆ ತಾಗಿಸಿ ಹಾಕಿಕೊಂಡು, ಬೆನ್ನು ಕೊಟ್ಟು ಕೂತ. ಕೂತವನು ನಿವೃತ್ತಿಯ ದಿನವೇ ಎದ್ದದ್ದು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಜನ ತಿಳಿದುಕೊಂಡಿದ್ದರು.

ಎರಡು ಸಾವಿರದ ಎಂಟರಲ್ಲಿ ಅವನು ನಿವೃತ್ತನಾದ. ಹೊಸದಾಗಿ ಬಂದವನು ಸ್ಟೂಲನ್ನು ಗೇಟಿನ ಹತ್ತಿರ ಎಳೆದುಕೊಂಡ. ಕಂಬ ಬಯಲಾಯಿತು. ಸಾಲದ್ದಕ್ಕೆ ಮಾರನೇ ವರ್ಷ ಮಗಳು ಹರಿಣಿ ಬಸುರಿಯಾದಳು, ಮಗುವಿಗೆ ಆ ದೇವಸ್ಥಾನದಲ್ಲೇ ಹೆಸರಿಡುತ್ತೇವೆಂದು ಕೊಂಡಮ್ಮ ಹರಕೆ ಹೊತ್ತಳು. ಅಂದರೆ ಜಂಗಮಕೋಟೆಯಿಂದ ಕೊಂಡಮ್ಮನ ತವರಿನವರೆಲ್ಲ ಬಂದು ಆ ಮಂಟಪದಲ್ಲೇ ಸಾಲಾಗಿ ಕೂರುತ್ತಾರೆ. ಅವರು ಎಂಥವರೆಂದರೆ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿದ ಪ್ರೆಸ್ಸಿನ ಹೆಸರನ್ನೂ ಬಿಡದೆ ಓದುವವರು. ಅವರ ಬಾಯಿಂದ ಕೇಳುವ ಮೊದಲು ಕೊಂಡಮ್ಮನಿಗೆ ತಾನೇ ಹೇಳಿಬಿಡಬೇಕು ಎಂದು ವೆಂಕಟರವಣಪ್ಪ ನಿಶ್ಚಯಿಸಿದ. ಎರಡು ಸಲ ಪ್ರಯತ್ನವನ್ನೂ ಮಾಡಿದ. ಎರಡು ಸಲವೂ ಗಂಟಲಿನವರೆಗೆ ಬಂದದ್ದು ಬಾಯಿಂದ ಹೊರಬೀಳುವಾಗ "ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ" ಎಂದಾಯಿತು.

ಹೀಗಿರುವಾಗ ಅಳಿಯ ಅಂಬರೀಶ್ ಈಜಿಪ್ಟಿನ ಟಿಕೆಟ್ ತಂದ. ಚಿಕ್ಕಬಳ್ಳಾಪುರದಲ್ಲಿ ಅವನದು ಹನಿ ನೀರಾವರಿ ಪೈಪಿನ ಅಂಗಡಿ. ದ್ರಾಕ್ಷಿ ತೋಟದವರಿಗೆ ಆ ವರ್ಷ ಅವನು ಮಾರಿದ ಪೈಪನ್ನು ನೋಡಿ ಕಂಪನಿಯವರು ಮೆಚ್ಚಿ, ಗಂಡಹೆಂಡತಿ ಇಬ್ಬರಿಗೂ ಪ್ರವಾಸ ಕೊಟ್ಟಿದ್ದರು. ಡಾಕ್ಟರು ಹರಿಣಿಗೆ ವಿಮಾನ ಬೇಡವೆಂದರು. ಹೆಂಡತಿಯನ್ನು ಬಿಟ್ಟು ಅಂಬರೀಶ್ ಹೊರಡಲಿಲ್ಲ. "ಮಾವ, ನೀವೂ ಅತ್ತೇನೂ ಹೋಗಿ ಬನ್ನಿ. ಅಲ್ಲೂ ಬರೀ ಹಳೇ ದೇವಸ್ಥಾನಗಳೇ ಅಂತೆ" ಅಂದ. ಜೀವಮಾನವೆಲ್ಲ ಹಳೇ ದೇವಸ್ಥಾನದಲ್ಲಿ ಕೂತು ಎದ್ದವನಿಗೆ ರಜಾ ಕಳೆಯಲು ಇನ್ನಷ್ಟು ಹಳೇ ದೇವಸ್ಥಾನ! ಬೇಡ ಅನ್ನಬೇಕೆಂದುಕೊಳ್ಳುವಷ್ಟರಲ್ಲಿ ಕೊಂಡಮ್ಮ ಸ್ವೆಟರ್ ಹುಡುಕತೊಡಗಿದ್ದಳು.

ಡಿಸೆಂಬರಿನಲ್ಲಿ ಎಂಟು ಜೋಡಿ ಪೈಪು ವ್ಯಾಪಾರಿಗಳು ನೈಲ್ ನದಿಯ ದಡ ಸೇರಿದರು. ಎಲ್ಲರೂ ದೊಡ್ಡ ಹಡಗು, ಡಿಜೆ, ಸ್ವಿಮ್ಮಿಂಗ್ ಪೂಲು ಎಂದು ಕನಸು ಕಂಡು ಬಂದವರು. ಅಲ್ಲಿದ್ದದ್ದು ಎರಡು ಹಾಯಿಯ ಮರದ ದೋಣಿ. ಎಂಟು ಕೋಣೆ, ಮೇಲೆ ಜಮಖಾನ ಹಾಸಿದ ಅಟ್ಟ. ಇಂಜಿನ್ನೇ ಇಲ್ಲ. ಕಂಪನಿಯ ಆಫೀಸರ್ ಜಗನ್, ಗೌರಿಬಿದನೂರಿನವನು, "ಸಾರ್, ಇದು ತುಂಬ ಸ್ಪೆಷಲ್. ಹಿಂದಿನ ಕಾಲದ ರಾಜರು ಹೋದ ಹಾಗೆ ಐದು ದಿನ ಗಾಳೀಲೇ ಹೋಗೋದು" ಎಂದು ಸಮಾಧಾನ ಹೇಳಿದ. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ತೋಟಕ್ಕೆ ಪೈಪು ಮಾರುವ ವಜೀರ್ ಸಾಬರು ದೋಣಿಯನ್ನು ಸುತ್ತು ಹಾಕಿ ನೋಡಿ, "ರಾಜರಿಗೇನಪ್ಪ, ಅಂಗಡಿ ಬಾಗಿಲು ತೆಗೀಬೇಕಿತ್ತಾ?" ಅಂದರು.

ದೋಣಿ ಹೊರಟಿತು. ಹೊರಟದ್ದು ಗೊತ್ತಾಗಲು ದಡದ ಖರ್ಜೂರದ ಮರಗಳನ್ನು ನೋಡಬೇಕಾಯಿತು. ವೆಂಕಟರವಣಪ್ಪನ ಕಣ್ಣು ಮಾತ್ರ ನೀರಿನ ಮೇಲಿತ್ತು. ಅವನ ಕಡೆ ಹೊಳೆ ಎಂದರೆ ಮರಳು, ನೀರು ಎಂದರೆ ನಾಲ್ಕು ದಿನಕ್ಕೊಮ್ಮೆ ನಲ್ಲಿಯಲ್ಲಿ ಬರುವ ವಸ್ತು. ಅವನು ಜಗನ್ ಹತ್ತಿರ ಗುಟ್ಟಾಗಿ, "ಇಲ್ಲಿ ನೀರು ಎಷ್ಟು ಗಂಟೆವರೆಗೆ ಬಿಡ್ತಾರಪ್ಪ?" ಎಂದು ಕೇಳಿದ. ಯಾವಾಗಲೂ ಬಿಟ್ಟೇ ಇರುತ್ತಾರೆ ಎಂದು ಕೇಳಿ ಅವನಿಗೆ ನಂಬಿಕೆ ಬರಲಿಲ್ಲ. ಕೊಂಡಮ್ಮನಿಗೆ ಎರಡು ಬಕೆಟ್ ತುಂಬಿಸಿಟ್ಟುಕೊಳ್ಳುವ ಆಸೆಯನ್ನು ತಡೆಯುವುದೇ ಕಷ್ಟವಾಯಿತು.

ಮೊದಲ ದಿನವೇ ವೆಂಕಟರವಣಪ್ಪನಿಗೆ ಗೊತ್ತಾದದ್ದು, ಸುಮ್ಮನೆ ಕೂರುವುದಕ್ಕೂ ಅಭ್ಯಾಸ ಬೇಕು ಎಂದು. ಮೂವತ್ತಮೂರು ವರ್ಷ ಅವನು ಕೂತೇ ಇದ್ದವನು ನಿಜ, ಆದರೆ ಏನನ್ನಾದರೂ ಕಾಯುತ್ತ ಕೂತವನು. ಇಲ್ಲಿ ಕಾಯಲು ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಏಣಿಯ ಬಳಿ ಕುರ್ಚಿ ಹಾಕಿಕೊಂಡು ಎಲ್ಲರ ಚಪ್ಪಲಿ ಬಿಡಿಸಿ ಜೋಡಿಸತೊಡಗಿದ. ಸಂಜೆಗೆ ದೋಣಿಯ ಆಳುಗಳೂ ಅವನನ್ನು ಕೇಳಿಯೇ ಮೇಲೆ ಹತ್ತುತ್ತಿದ್ದರು.

ಎರಡನೇ ದಿನ ಎಡ್ಫು ದೇವಸ್ಥಾನ. ಗಿಡುಗನ ಮುಖದ ದೇವರು. ಕೊಂಡಮ್ಮ ಅದನ್ನು ನೋಡಿದ ತಕ್ಷಣ "ಗರುಡ ಸ್ವಾಮಿ" ಎಂದು ತೀರ್ಮಾನಿಸಿ ಚಪ್ಪಲಿ ಬಿಟ್ಟು, ಸುಡುವ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿದಳು. ವಜೀರ್ ಸಾಬರ ಹೆಂಡತಿ ಜಾನ್ ಬೀ ಹಿಂದೆ ಕೊಡೆ ಹಿಡಿದುಕೊಂಡು ನಡೆದರು. ಇಷ್ಟು ದೊಡ್ಡ ದೇವರಿಗೆ ಒಂದು ದೀಪ ಹಚ್ಚುವವರಿಲ್ಲವಲ್ಲ ಎಂದು ಕೊಂಡಮ್ಮ ನಿಜಕ್ಕೂ ನೊಂದುಕೊಂಡಳು. ಅತ್ತ ವೆಂಕಟರವಣಪ್ಪ ಒಬ್ಬಳು ಬಿಳಿಯ ಹೆಂಗಸು ಗೋಡೆಯ ಚಿತ್ರದ ಮೇಲೆ ಅಂಗೈ ಊರಿದ್ದನ್ನು ಕಂಡು, "ಏಯ್, ಮುಟ್ಟಬೇಡ್ರೀ!" ಎಂದು ಕೂಗಿಬಿಟ್ಟ. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕೈ ತೆಗೆದಳು. ನೆರಳಿನಲ್ಲಿ ಕೂತಿದ್ದ ಅಲ್ಲಿಯ ಕಾವಲುಗಾರ, ಉದ್ದ ಅಂಗಿಯ ಮುದುಕ, ಎದ್ದು ಬಂದು ವೆಂಕಟರವಣಪ್ಪನ ಕೈ ಕುಲುಕಿ ತನ್ನ ಕುರ್ಚಿಯನ್ನು ಬಿಟ್ಟುಕೊಟ್ಟ. ಕುರ್ಚಿ ಗೋಡೆಗೆ ತಾಗಿಕೊಂಡಿತ್ತು. ಈ ಮುದುಕನ ಬೆನ್ನ ಹಿಂದೆ ಯಾವ ಅನಸೂಯ ಇದ್ದಾಳೋ ಎಂದು ವೆಂಕಟರವಣಪ್ಪ ಬಗ್ಗಿ ನೋಡಿದ. ಏನೂ ಇರಲಿಲ್ಲ. ಪುಣ್ಯವಂತ.

ಆದರೆ ಗೈಡ್ ಮೇಲಕ್ಕೆ ಕೈ ತೋರಿಸಿದ. ಎರಡಾಳೆತ್ತರದಲ್ಲಿ, ಏಣಿಯಿಲ್ಲದೆ ಕೈ ಹೋಗದ ಕಡೆ, ಗೋಡೆಯ ಮೇಲೆ ಯಾರದೋ ಹೆಸರು ಕೆತ್ತಿತ್ತು. ಜಗನ್ ಕನ್ನಡದಲ್ಲಿ ಬಿಡಿಸಿ ಹೇಳಿದ. ಇನ್ನೂರು ವರ್ಷದ ಹಿಂದೆ ದೇವಸ್ಥಾನ ಅರ್ಧಕ್ಕೂ ಮೇಲೆ ಮರಳಿನಲ್ಲಿ ಹೂತಿತ್ತಂತೆ. ಆಗ ಬಂದ ಪ್ರವಾಸಿ ಮರಳಿನ ಮೇಲೆ ನಿಂತು ತನ್ನ ಹೆಸರು ಕೆತ್ತಿ ಹೋಗಿದ್ದಾನೆ. ಮರಳು ತೆಗೆದ ಮೇಲೆ ಹೆಸರು ಆಕಾಶಕ್ಕೆ ಹೋಗಿ ಕೂತಿದೆ.

"ಅಳಿಸಲಿಲ್ಲವಾ?" ವೆಂಕಟರವಣಪ್ಪ ಕೇಳಿದ.

"ಅಳಿಸಂಗಿಲ್ಲವಂತೆ ಸಾರ್. ಅದೂ ಈಗ ಇತಿಹಾಸ ಅಂತೆ."

ವೆಂಕಟರವಣಪ್ಪನಿಗೆ ಆ ರಾತ್ರಿ ಊಟ ರುಚಿಸಲಿಲ್ಲ. ಕಲ್ಲಿನ ಮೇಲೆ ಕೊರೆದದ್ದು ಕೊರೆದವನಿಗಿಂತ ಹೆಚ್ಚು ಕಾಲ ಬದುಕುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಇನ್ನೂರು ವರ್ಷ ಕಳೆದರೂ ತನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಅನಸೂಯ ಯಾರು ಎಂದು ಕೇಳುತ್ತಿರುತ್ತಾರೆ ಎಂದು ಅವನು ಯೋಚಿಸಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಗಾಳಿ ನಿಂತಿತು. ಹಾಯಿ ಒಣಗಿಹಾಕಿದ ಪಂಚೆಯಂತೆ ಜೋತುಬಿತ್ತು. ಕ್ಯಾಪ್ಟನ್ ದೋಣಿಯನ್ನು ಒಂದು ನಡುಗಡ್ಡೆಗೆ ಕಟ್ಟಿ, ಚಹಾ ಕಾಯಿಸಿಕೊಂಡು ಕೂತ. ಗಾಳಿ ಯಾವಾಗ ಬರುತ್ತದೆ ಎಂದರೆ ಬಂದಾಗ ಬರುತ್ತದೆ ಎಂದ. ವ್ಯಾಪಾರಿಗಳು ಸಿಗ್ನಲ್ ಸಿಗದ ಮೊಬೈಲುಗಳನ್ನು ಆಕಾಶಕ್ಕೆ ಹಿಡಿದು ಸುಸ್ತಾಗಿ ಇಸ್ಪೀಟಿಗೆ ಇಳಿದರು. ಮೇಲಿನ ಅಟ್ಟದ ಮೇಲೆ ಗಂಡಹೆಂಡತಿ ಇಬ್ಬರೇ ಉಳಿದರು. ಓಡಿಹೋಗಲು ಜಾಗವಿಲ್ಲ, ಮಾತು ತಪ್ಪಿಸಲು ಕೆಲಸವಿಲ್ಲ.

"ಕೊಂಡಮ್ಮ, ನಿನ್ನತ್ರ ಒಂದು ವಿಷಯ ಹೇಳ್ಬೇಕು."

"ಉಪ್ಪು ಜಾಸ್ತಿ ಆಯ್ತಾ? ಇಲ್ಲಿ ಅಡಿಗೆ ನಂದಲ್ಲಪ್ಪ."

"ಅದಲ್ಲ ಕಣೇ. ನಮ್ಮ ದೇವಸ್ಥಾನದಲ್ಲಿ, ಕಲ್ಯಾಣಿ ಹತ್ರ, ಮೂಲೆ ಕಂಬ ಇದೆಯಲ್ಲ, ಅದರ ಮೇಲೆ..."

"ಅನಸೂಯ" ಅಂದಳು ಕೊಂಡಮ್ಮ.

ವೆಂಕಟರವಣಪ್ಪನ ಕೈಯಲ್ಲಿದ್ದ ಚಹಾ ಜಮಖಾನದ ಮೇಲೆ ಚೆಲ್ಲಿತು. ಬೇರೆ ಯಾರಾದರೂ ಚೆಲ್ಲಿದ್ದರೆ ಅವನು ಸುಮ್ಮನಿರುತ್ತಿರಲಿಲ್ಲ.

"ನಿಂಗೆ ಯಾರು ಹೇಳಿದ್ರು?"

"ಹೇಳೋರು ಯಾಕ್ರೀ ಬೇಕು? ಮೂರನೇ ಕ್ಲಾಸು ಓದಿಲ್ವಾ ನಾನು? ಮದುವೆ ಆದ ವರ್ಷ ಬುತ್ತಿ ತಂದಿದ್ದೆ. ನೀವು ಕೈ ತೊಳೆಯಕ್ಕೆ ಎದ್ದು ಹೋದ್ರಿ. ಹೂಕೋಸು ಕೂಡ ನೋಡ್ದೆ."

"ಅದು ಹೂವು."

"ಆಯ್ತು ಬಿಡಿ, ಹೂವು."

"ಮತ್ತೆ ಇಷ್ಟು ವರ್ಷ ಒಂದು ಮಾತೂ ಕೇಳ್ಲಿಲ್ಲ?"

"ಕೇಳಿ ಏನ್ಮಾಡ್ಲಿ? ಸಾಹೇಬ್ರ ಕಿವಿಗೆ ಬಿದ್ರೆ ನಿಮ್ಮ ಕೆಲಸಾನೇ ಹೋಗ್ತಿತ್ತು. ಇನ್ಸ್‌ಪೆಕ್ಷನ್ ದಿನ ನೀವು ಎದ್ದು ಸಾಹೇಬ್ರ ಹಿಂದೆ ಓಡಾಡ್ತಿದ್ರಲ್ಲ, ಆಗ ಆ ಕಂಬ ಯಾರು ಕಾಯ್ತಿದ್ರು ಅಂದ್ಕೊಂಡ್ರಿ?"

ವೆಂಕಟರವಣಪ್ಪ ನೆನಪು ಮಾಡಿಕೊಂಡ. ಇನ್ಸ್‌ಪೆಕ್ಷನ್ ಇದ್ದಾಗೆಲ್ಲ ಕೊಂಡಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಸೊಂಟ ನೋವು ಎಂದು ಆ ಕಂಬಕ್ಕೇ ಒರಗಿ ಕೂರುತ್ತಿದ್ದಳು. ಇವಳಿಗೆ ಇವತ್ತೇ ಬರಬೇಕಿತ್ತಾ ಎಂದು ಅವನು ಸಾಹೇಬರ ಬೆನ್ನ ಹಿಂದಿನಿಂದ ಹಲ್ಲು ಕಡಿಯುತ್ತಿದ್ದ. ಈಗ ಅವನಿಗೆ ತುಂಬ ನಾಚಿಕೆಯಾಯಿತು.

"ನಿಂಗೆ ಬೇಜಾರಾಗ್ಲಿಲ್ವಾ?"

ಕೊಂಡಮ್ಮ ಚೆಲ್ಲಿದ ಚಹಾವನ್ನು ಸೆರಗಿನಿಂದ ಒರೆಸಿದಳು. "ಅದಕ್ಕಲ್ಲ ಬೇಜಾರು. ಹದಿನೆಂಟು ವರ್ಷದ ಹುಡುಗ, ಮೊಳೆ ಸಿಕ್ತು, ಬರೆದ. ಆಮೇಲೆ ನನ್ನ ಜೊತೆ ಮೂವತ್ತೆರಡು ವರ್ಷ ಸಂಸಾರ ಮಾಡಿದ್ರಿ. ನನ್ನ ಹೆಸರನ್ನ ಎಲ್ಲಾದ್ರೂ ಒಂದ್ಸಲ ಬರ್ದಿದ್ದೀರಾ? ರೇಷನ್ ಕಾರ್ಡಲ್ಲಿರೋದು ಗುಮಾಸ್ತ ಬರ್ದಿದ್ದು. ಪಾಸ್‌ಪೋರ್ಟಲ್ಲಿರೋದು ಅಂಬರೀಶಪ್ಪ ಬರ್ಸಿದ್ದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಬರೆದಿದ್ದೇನೆಯೇ ಎಂದು ಅವನು ನಿಜವಾಗಿಯೂ ಹುಡುಕಿ ನೋಡಿದ. ಪತ್ರ ಬರೆಯುವಷ್ಟು ದೂರ ಅವಳು ಎಂದೂ ಹೋಗಿರಲಿಲ್ಲ. ಮಗಳ ಲಗ್ನಪತ್ರಿಕೆಯಲ್ಲಿ "ಶ್ರೀಮತಿ ಮತ್ತು ಶ್ರೀ ವೆಂಕಟರವಣಪ್ಪ" ಎಂದು ಅಚ್ಚು ಹಾಕಿಸಿದ್ದ. ಎಲ್ಲೂ ಬರೆದಿರಲಿಲ್ಲ.

ಸಂಜೆಗೆ ಗಾಳಿ ಬಂತು. ಮಾರನೇ ದಿನ ಅವನು ಚಪ್ಪಲಿ ಜೋಡಿಸಲಿಲ್ಲ. ಕೋಮ್ ಓಂಬೋದಲ್ಲಿ ಮೊಸಳೆ ದೇವರ ಗುಡಿಯನ್ನು ತೋರಿಸಿದಾಗ ಒಬ್ಬ ಪ್ರವಾಸಿ ಕಂಬವನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡರೂ ಅವನಿಗೆ ಕಾಣಿಸಲಿಲ್ಲ. "ಯಜಮಾನ್ರಿಗೆ ಮೈ ಹುಷಾರಿಲ್ವಾ?" ಎಂದು ವಜೀರ್ ಸಾಬರು ಕೊಂಡಮ್ಮನನ್ನು ಕೇಳಿದರು. ಹೇಳಬಾರದಿತ್ತೇನೋ ಎಂದು ಕೊಂಡಮ್ಮನಿಗೂ ಪೆಚ್ಚಾಯಿತು.

ಕೊನೆಯ ದಿನ ಬೆಳಿಗ್ಗೆ, ಅಸ್ವಾನ್ ತಲುಪುವುದಕ್ಕೆ ಇನ್ನೂ ಒಂದು ಗಂಟೆಯಿದೆ ಎನ್ನುವಾಗ, ಕ್ಯಾಪ್ಟನ್ ಒಂದು ದಪ್ಪ ಪುಸ್ತಕ ತಂದ. ಪ್ರವಾಸಿಗಳು ತಮ್ಮ ಅಭಿಪ್ರಾಯ ಬರೆಯುವ ಪುಸ್ತಕ. ವಜೀರ್ ಸಾಬರು ಉರ್ದುವಿನಲ್ಲಿ ನಾಲ್ಕು ಸಾಲು ಬರೆದು ಅಡಿಗೆಯವನನ್ನು ಹೊಗಳಿದರು. ಪುಸ್ತಕ ವೆಂಕಟರವಣಪ್ಪನ ಕೈಗೆ ಬಂತು. ಅವನು ಅದನ್ನು ತೆಗೆದುಕೊಂಡು ಅಟ್ಟದ ತುದಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಕೂತ. ಕಾಲು ಗಂಟೆಯಾದರೂ ಏಳಲಿಲ್ಲ. ಒಂದೊಂದು ಗೆರೆಯ ಮೇಲೂ ಪೆನ್ನನ್ನು ಮತ್ತೆ ಮತ್ತೆ ಒತ್ತಿ ತಿದ್ದುತ್ತಿದ್ದ.

ಜಗನ್ ಹೋಗಿ ಇಣುಕಿದ. ಪುಟದ ತುಂಬ, ಆ ಅಂಚಿನಿಂದ ಈ ಅಂಚಿನವರೆಗೆ "ಕೊಂಡಮ್ಮ" ಎಂದಿತ್ತು. ಬೇರೇನೂ ಇರಲಿಲ್ಲ.

"ಸಾರ್, ಅಭಿಪ್ರಾಯ ಬರೀಬೇಕಿತ್ತು. ಪ್ರವಾಸ ಹೇಗಿತ್ತು, ಊಟ ಹೇಗಿತ್ತು ಅಂತ."

"ಅದೇ ಅಭಿಪ್ರಾಯ" ಅಂದ ವೆಂಕಟರವಣಪ್ಪ. ಎದ್ದು ಬಂದು ಪುಸ್ತಕವನ್ನು ಹೆಂಡತಿಯ ಮಡಿಲಿನಲ್ಲಿಟ್ಟ. ಅವನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಕೋಣೆಯಲ್ಲಿ ಬ್ಯಾಗು ಕಟ್ಟುವ ಕೆಲಸವಿದೆ ಎಂದು ಕೆಳಗಿಳಿದುಬಿಟ್ಟ.

ಕೊಂಡಮ್ಮ ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಮತ್ತೊಂದು ಸಲ ಓದಿದಳು. ಅವಳ ಕಣ್ಣು ತುಂಬಿ ಬಂತು. ಇಷ್ಟು ಸಂತೋಷ ತನ್ನ ಮದುವೆಯ ದಿನವೂ ಆಗಿರಲಿಲ್ಲ ಎಂದು ಅವಳಿಗೆ ಅನ್ನಿಸಿತು, ಅದನ್ನು ಪಕ್ಕದಲ್ಲಿದ್ದ ಜಾನ್ ಬೀಗೆ ಹೇಳಿಯೂ ಬಿಟ್ಟಳು. ದೂರದಲ್ಲಿ ಅಸ್ವಾನಿನ ಮನೆಗಳು ಕಾಣಿಸಿದವು. ಕ್ಯಾಪ್ಟನ್ ಬಂದು ಪುಸ್ತಕಕ್ಕೆ ಕೈ ಚಾಚಿದ. ಅವಳು ಪುಟದ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದಳು. ಜಗನ್ ಎರಡನೇ ಸಲ ಬಂದು ಕೇಳಿದ.

"ಇರಪ್ಪ, ಕೊಡ್ತೀನಿ" ಅಂದಳು ಕೊಂಡಮ್ಮ. "ಮಸಿ ಇನ್ನೂ ಒಣಗಿಲ್ಲ."

ಬರೆದದ್ದು ಬಾಲ್‌ಪೆನ್ನಿನಲ್ಲಿ.